ಕಂಪನಿ ಕೆಲಸ ಬಿಟ್ಟು ಕೌದಿಯ ಕಸುಬಿಗೆ: ಪುಣೆಯ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಹಿಂಜವಡಿಯಲ್ಲೋ ಖರಾಡಿಯಲ್ಲೋ ಹತ್ತು ವರ್ಷ ದುಡಿದು, ಇನ್ನು ಕೈಯಿಂದ ಏನಾದರೂ ಮಾಡಬೇಕು ಎಂದು ಹೊರಡುವವರು ಸಾಮಾನ್ಯವಾಗಿ ಮೊದಲು ಹುಡುಕುವುದು ಉದ್ಯಮಕ್ಕೊಂದು ಹೆಸರು, ಆಮೇಲೆ ಲೋಗೋ. ಅವೆರಡೂ ಕೊನೆಗೆ ಬರಲಿ. ಮೊದಲು ಬೇಕಾಗಿರುವುದು ಒಂದೇ ಒಂದು ವಸ್ತು, ಅದನ್ನು ಮಾಡಲು ಹಿಡಿಯುವ ಗಂಟೆಗಳ ಲೆಕ್ಕ, ಮತ್ತು ಆ ಗಂಟೆಗಳಿಗೆ ಕೂಲಿ ಹಾಕಿದ ಮೇಲೂ ಉಳಿಯುವ ಬೆಲೆ. ಕೈಕಸುಬಿನಲ್ಲಿ ಬಂಡವಾಳಕ್ಕಿಂತ ಮೊದಲು ಮುಗಿದುಹೋಗುವುದು ಕೈಗಳ ಸಮಯ. ರಾಜೀನಾಮೆ ಪತ್ರ ಬರೆಯುವ ಮುಂಚೆ ಈ ಲೆಕ್ಕ ಕಾಗದದ ಮೇಲೆ ಇರಲೇಬೇಕು.

ಇಲ್ಲಿ ಉದಾಹರಣೆಗೆ ಕೌದಿಯನ್ನು ತೆಗೆದುಕೊಂಡಿದ್ದೇವೆ. ಹಳೆ ಬಟ್ಟೆಯ ಪದರಗಳನ್ನು ಕೈಯಿಂದ ಸಾಲಾಗಿ ಹೊಲಿದ ಹೊದಿಕೆ ಅದು. ಉತ್ತರ ಕರ್ನಾಟಕದ ಮನೆಮನೆಯ ಕೌದಿ ಪುಣೆಯವರಿಗೆ ಗೋಧಡಿ ಎಂದು ಗೊತ್ತು. ಹಾಗಾಗಿ ವಸ್ತು ಏನೆಂದು ಗಿರಾಕಿಗೆ ವಿವರಿಸಬೇಕಿಲ್ಲ, ಇದು ಯಾಕೆ ಬೇರೆ ಎಂದಷ್ಟೇ ಹೇಳಿದರೆ ಸಾಕು. ಹೊಲಿಯುವ ಕೈಗಳೂ ಊರಲ್ಲೇ ಇವೆ. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ನೆಲೆಸಿದ ಕುಟುಂಬಗಳಲ್ಲಿ ಕೌದಿ ಬಲ್ಲ ಹೆಂಗಸರು ಬಹಳ ಮಂದಿ. ಅವರ ಜೊತೆ ಕನ್ನಡದಲ್ಲೇ ಮಾತಾಡಬಲ್ಲಿರಿ ಎನ್ನುವುದು ಈ ಊರಿನ ಬೇರೆ ಉದ್ಯಮಿಗಳಿಗೆ ಸುಲಭವಾಗಿ ಸಿಗದ ಅನುಕೂಲ. ನೀವು ಮಣ್ಣಿನ ಕೆಲಸ, ಮರದ ಕೆಲಸ, ಚನ್ನಪಟ್ಟಣದ ಅರಗಿನ ಸಾಮಾನು ಆರಿಸಿಕೊಂಡಿದ್ದರೂ ಲೆಕ್ಕದ ದಾರಿ ಇದೇ.

ಕೆಲಸದಲ್ಲಿರುವಾಗಲೇ ಮುಗಿಸಬೇಕಾದದ್ದು

ನೇಮಕಾತಿ ಪತ್ರ ತೆಗೆದು ಓದಿ. ಬೇರೆ ಉದ್ಯೋಗ ಅಥವಾ ವ್ಯಾಪಾರ ಮಾಡಕೂಡದು ಎಂಬ ಷರತ್ತು ಹೆಚ್ಚಿನ ಐಟಿ ಕಂಪನಿಗಳ ಪತ್ರದಲ್ಲಿ ಇರುತ್ತದೆ. ಹಾಗಿದ್ದರೆ ಲಿಖಿತ ಅನುಮತಿ ಇಲ್ಲದೆ ಮಾರಾಟ ಶುರುಮಾಡಬೇಡಿ. ಮಾದರಿಗಳನ್ನು ಹೊಲಿಯುವುದು, ತೊಳೆದು ನೋಡುವುದು, ಸಮಯ ಅಳೆಯುವುದು, ಬಟ್ಟೆ ಸಿಗುವ ಜಾಗ ಹುಡುಕುವುದು, ಇದಕ್ಕೆಲ್ಲ ಯಾರ ಅಡ್ಡಿಯೂ ಇಲ್ಲ. ಕಂಪನಿಯ ಲ್ಯಾಪ್‌ಟಾಪ್, ಇಮೇಲ್ ಮಾತ್ರ ಇದಕ್ಕೆ ಬಳಸಬೇಡಿ.

ಕೆಲಸ ಬಿಡುವಾಗ ಸೇವೆಗಾಗಿ ಕಂಪನಿ ಕೊಡುವ ಗ್ರಾಚ್ಯುಟಿಯ ಲೆಕ್ಕ ಹಾಕಿ: ಕೊನೆಯ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ, 15ರಿಂದ ಗುಣಿಸಿ 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಮೂಲ ವೇತನ 50,000 ರೂಪಾಯಿ, ಸೇವೆ 8 ವರ್ಷ ಎಂದಾದರೆ ಸುಮಾರು 2,30,769 ರೂಪಾಯಿ. ಕಾಯಂ ನೌಕರರಿಗೆ 5 ವರ್ಷ ತುಂಬಿರಬೇಕು. ಎರಡು-ಮೂರು ತಿಂಗಳು ಕಡಿಮೆ ಬೀಳುವಂತಿದ್ದರೆ ಕಾಯಿರಿ, ಅಷ್ಟು ಹಣದಲ್ಲಿ ಒಂದು ಇಡೀ ಋತುವಿನ ಸರಕು ತಯಾರಾಗುತ್ತದೆ. ಪಿಎಫ್ ಮುಟ್ಟದಿರುವುದು ಒಳ್ಳೆಯದು. 5 ವರ್ಷದ ನಿರಂತರ ಸೇವೆಗೆ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ, ಕೆಲಸ ಬಿಟ್ಟ ಮೇಲೆ ಸೇರುವ ಬಡ್ಡಿಗೂ ತೆರಿಗೆ ಇದೆ.

ಜನ ಹೆಚ್ಚಾಗಿ ಮರೆಯುವುದು ಆರೋಗ್ಯ ವಿಮೆಯನ್ನು. ಕಂಪನಿಯ ಗುಂಪು ವಿಮೆ ಕೊನೆಯ ದಿನವೇ ಮುಗಿಯುತ್ತದೆ, ಅದರಲ್ಲಿ ಸೇರಿದ್ದ ಅಪ್ಪ-ಅಮ್ಮನ ರಕ್ಷಣೆಯೂ ಹೋಗುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ಅವಕಾಶ ಉಂಟು. ಹಾಗೆ ಮಾಡಿದರೆ ಈವರೆಗೆ ಕಳೆದ ಕಾಯುವ ಅವಧಿ ವ್ಯರ್ಥವಾಗುವುದಿಲ್ಲ. ಹೊಸದಾಗಿ ಪಾಲಿಸಿ ಕೊಂಡರೆ ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿಗೆ 3 ವರ್ಷದವರೆಗೂ ಕಾಯಬೇಕಾಗಬಹುದು. ಅರ್ಜಿಯನ್ನು ಕೊನೆಯ ದಿನಕ್ಕೆ ಎರಡು ತಿಂಗಳು ಇರುವಾಗಲೇ ಕೊಡಿ. ಮನೆ ಸಾಲ, ಕ್ರೆಡಿಟ್ ಕಾರ್ಡ್ ಬೇಕಿದ್ದರೂ ಸಂಬಳದ ಚೀಟಿ ಕೈಯಲ್ಲಿರುವಾಗಲೇ ಮಾಡಿಕೊಳ್ಳಬೇಕು. ಆಮೇಲೆ ಬ್ಯಾಂಕಿನವರು ಕೆಲವು ವರ್ಷಗಳ ಉದ್ಯಮದ ರಿಟರ್ನ್ ಕೇಳುತ್ತಾರೆ.

ಹಣ ಎರಡು ಬೇರೆ ಖಾತೆಗಳಲ್ಲಿ ಇರಲಿ: 12 ತಿಂಗಳ ಮನೆಖರ್ಚು ಒಂದರಲ್ಲಿ, ಉದ್ಯಮದ ಬಂಡವಾಳ ಇನ್ನೊಂದರಲ್ಲಿ. ಉದ್ಯಮಕ್ಕೆ ಒಂದೂವರೆ ಲಕ್ಷದಿಂದ ಶುರುಮಾಡಬಹುದು. ಬಟ್ಟೆ, ದಾರಕ್ಕೆ 35,000; ಮೋಟರ್ ಇರುವ ಹೊಲಿಗೆ ಯಂತ್ರ, ಮೇಜಿಗೆ 30,000; ಮೊದಲ 60 ತುಂಡುಗಳ ಕೂಲಿಗೆ 30,000; ಲೇಬಲ್, ಪ್ಯಾಕಿಂಗ್‌ಗೆ 15,000; ಎರಡು ಮೇಳಗಳ ಬಾಡಿಗೆಗೆ 30,000; ನೋಂದಣಿ ಮತ್ತು ಸಿಎ ಶುಲ್ಕಕ್ಕೆ 10,000. ಮನೆಖರ್ಚಿನ ಖಾತೆಯಿಂದ ಬಟ್ಟೆ ಕೊಳ್ಳುವ ಪರಿಸ್ಥಿತಿ ಬಂತೆಂದರೆ ಬೆಲೆಯಲ್ಲೋ ಕೊಳ್ಳುವಿಕೆಯಲ್ಲೋ ತಪ್ಪಿದೆ ಎಂದರ್ಥ. ಅಲ್ಲೇ ನಿಂತು ಲೆಕ್ಕ ನೋಡಿ.

ಯಾವಾಗ ಬಿಡಬೇಕು

ಐಟಿಯಲ್ಲಿ ನೋಟಿಸ್ ಅವಧಿ ಸಾಮಾನ್ಯವಾಗಿ 90 ದಿನ. ಗೃಹಾಲಂಕಾರದ ಮಾರಾಟ ಗಣೇಶ ಚತುರ್ಥಿಯ ಹೊತ್ತಿಗೆ ಏಳುತ್ತದೆ, ದಸರಾ-ದೀಪಾವಳಿಗೆ ತುದಿ ಮುಟ್ಟುತ್ತದೆ, ಮೇಳಗಳಿಂದಾಗಿ ಫೆಬ್ರವರಿವರೆಗೆ ನಡೆಯುತ್ತದೆ. ಕಂಪನಿಗಳು ದೀಪಾವಳಿ ಉಡುಗೊರೆ ನಿರ್ಧರಿಸುವುದು ಆಗಸ್ಟ್-ಸೆಪ್ಟೆಂಬರಿನಲ್ಲಿ. ಆದ್ದರಿಂದ ವಾರ್ಷಿಕ ಬೋನಸ್ ಕೈಸೇರಿದ ಮೇಲೆ, ಏಪ್ರಿಲ್ ಹೊತ್ತಿಗೆ ರಾಜೀನಾಮೆ ಕೊಟ್ಟರೆ ಜುಲೈಗೆ ಬಿಡುಗಡೆ. ದೀಪಾವಳಿಗೆ ಇನ್ನೂ ಮೂರು ತಿಂಗಳು ಉಳಿದಿರುತ್ತದೆ.

ಇದರಲ್ಲಿ ಒಂದು ತೊಡಕಿದೆ. ಜುಲೈ ಎಂದರೆ ಪುಣೆಯಲ್ಲಿ ಜಿಟಿಜಿಟಿ ಮಳೆ. ಬಟ್ಟೆ ತೊಳೆದರೆ ಒಣಗುವುದಿಲ್ಲ, ಹಸಿ ಉಳಿದ ಪದರಗಳ ನಡುವೆ ಬೂಸ್ಟು ಬರುತ್ತದೆ. ಹಾಗಾಗಿ ಇಡೀ ಋತುವಿಗೆ ಬೇಕಾದ ಬಟ್ಟೆಯನ್ನು ಏಪ್ರಿಲ್-ಮೇ ಬಿಸಿಲಿನ ಶನಿವಾರ, ಭಾನುವಾರಗಳಲ್ಲೇ ತೊಳೆದು, ಒಣಗಿಸಿ, ಇಸ್ತ್ರಿ ಮಾಡಿ ಕಟ್ಟಿಡಿ. ನೋಟಿಸ್ ಅವಧಿಯಲ್ಲಿ ಮಾಡಬೇಕಾದ ಮುಖ್ಯ ಕೆಲಸ ಇದೇ. ಕಟ್ಟುಗಳು ನೆಲದಿಂದ ಅರ್ಧ ಅಡಿ ಮೇಲೆ, ಗೋಡೆಗೆ ತಾಗದ ಸ್ಟೀಲ್ ರ್‍ಯಾಕಿನಲ್ಲಿ ಇರಲಿ. ನಡುವೆ ಒಣಗಿದ ಬೇವಿನ ಎಲೆ ಮತ್ತು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ನುಸಿಗುಳಿಗೆ ಬೇಡ, ಅದರ ವಾಸನೆ ಹತ್ತಿಗೆ ಹಿಡಿದರೆ ಗಿರಾಕಿಯ ಮನೆವರೆಗೂ ಹೋಗುತ್ತದೆ.

ಬಟ್ಟೆ

ಒಳಪದರಕ್ಕೆ ಹಳೆ ಹತ್ತಿ ಸೀರೆ ಒಳ್ಳೆಯದು. ಹಲವು ಸಲ ಒಗೆದದ್ದರಿಂದ ಮೆತ್ತಗಿರುತ್ತದೆ, ಇನ್ನು ಕುಗ್ಗುವುದೂ ಇಲ್ಲ. ಪರಿಚಿತರ ಮನೆಗಳಿಂದ ಸಿಗುತ್ತದೆ. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರಿಂದಲೂ ಆರಿಸಿ ಕೊಳ್ಳಬಹುದು. ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಎರಡೂ ಕೈಯಲ್ಲಿ ಅಡ್ಡಕ್ಕೂ ಉದ್ದಕ್ಕೂ ಜಗ್ಗಿ. ಸಣ್ಣಗೆ ಚರ್ರ್ ಎಂದು ಸದ್ದು ಬಂದರೆ ಎಳೆ ಸತ್ತಿದೆ, ಆ ಭಾಗ ಬೇಡ. ಕುಳಿತು ಏಳುವ ಕಡೆ ಸವೆದಿರುತ್ತದೆ. ಸೆರಗು ಮತ್ತು ಅಂಚಿನ ಪಕ್ಕದ ಬಟ್ಟೆ ಗಟ್ಟಿಯಾಗಿ ಉಳಿದಿರುತ್ತದೆ. ತಂದದ್ದನ್ನು ಬಿಸಿನೀರಿನಲ್ಲಿ ಸಾಬೂನು ಹಾಕಿ ಒಗೆದು ಬಿಸಿಲಿಗೆ ಹಾಕಿ. ಹಳೆ ಸೀರೆ ಬಳಸಿದ್ದೇವೆ ಎಂದು ಲೇಬಲ್ ಮೇಲೆ ಸ್ಪಷ್ಟವಾಗಿ ಬರೆಯಿರಿ.

ಮೇಲ್ಪದರಕ್ಕೆ ಇಳಕಲ್ ಸೀರೆಯ ತುಂಡು, ಗುಳೇದಗುಡ್ಡದ ಖಣ (ರವಿಕೆ ಬಟ್ಟೆ), ಅಚ್ಚಿನ ಹತ್ತಿ ಬಟ್ಟೆ ನಡೆಯುತ್ತದೆ. ಖಣದ ಪನ್ನ (ಅಗಲ) ಕಡಿಮೆ, ಮೀಟರ್ ಲೆಕ್ಕದಲ್ಲಿ ಕೊಳ್ಳುವಾಗ ಅದನ್ನು ಮರೆತರೆ ತುಂಡು ಸಾಲುವುದಿಲ್ಲ. ಹಿಂಬದಿಗೆ ಇಚಲಕರಂಜಿಯ ಬಿಳಿಚು ಹತ್ತಿ ಬಟ್ಟೆ ಸಾಕು. ಚಿಲ್ಲರೆಯಾಗಿ ಬೇಕಿದ್ದರೆ ರವಿವಾರ ಪೇಠೆ, ಲಕ್ಷ್ಮೀ ರಸ್ತೆ. ಜಿಪ್, ದಾರ, ಲೇಸಿಗೆ ತುಳಶಿಬಾಗ್ ಮತ್ತು ಬೋಹರಿ ಆಳಿ. ಒಂದೇ ದಿನ ಎಲ್ಲ ಕೊಳ್ಳಬೇಡಿ. ಮೊದಲ ಸಲ ಪ್ರತಿ ಬಣ್ಣದಲ್ಲಿ ಅರ್ಧ ಮೀಟರ್ ತಂದು ಪರೀಕ್ಷೆ ಮಾಡಿ, ಆಮೇಲೆ ಥಾನು (ಇಡೀ ಸುರುಳಿ) ಲೆಕ್ಕದಲ್ಲಿ ತನ್ನಿ.

ಪರೀಕ್ಷೆ ಎರಡು. ಮೊದಲನೆಯದು ಕುಗ್ಗುವಿಕೆ: 50 ಸೆಂ.ಮೀ. ಚೌಕ ಕತ್ತರಿಸಿ, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಒಣಗಿಸಿ, ಅಳೆಯಿರಿ. ಹೊಸ ಹತ್ತಿ ನೂರಕ್ಕೆ ಮೂರರಿಂದ ಐದು ಪಾಲು ಕುಗ್ಗುವುದು ಸಹಜ. ಎರಡನೆಯದು ಬಣ್ಣ: ಒದ್ದೆ ಬಟ್ಟೆಯ ಮೇಲೆ ಬಿಳಿ ಬಟ್ಟೆ ಇಟ್ಟು ಒಂದು ನಿಮಿಷ ಇಸ್ತ್ರಿ ಒತ್ತಿ. ಕೆಂಪು, ಕಡುಗೆಂಪು, ಕಪ್ಪು ಬಣ್ಣಗಳಿಗೆ ಈ ಪರೀಕ್ಷೆ ತಪ್ಪಿಸಲೇಬೇಡಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಇನ್ನೂ ಎರಡು ಸಲ ತೊಳೆದು ನೋಡಿ, ಆಗಲೂ ಬಿಟ್ಟರೆ ಆ ಬಟ್ಟೆ ಕೈಬಿಡಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತು ಬಹಳ ಕಡೆ ಕೇಳುತ್ತೀರಿ. ಬಣ್ಣ ಹಾಕಿ ಮುಗಿದ ಬಟ್ಟೆಯಲ್ಲಿ ಉಪ್ಪು ಆ ಕೆಲಸ ಮಾಡುವುದಿಲ್ಲ. ಪಾಲಿಯೆಸ್ಟರನ್ನು ಹತ್ತಿಯ ಜೊತೆ ಸೇರಿಸಲೂಬೇಡಿ. ಒಂದು ಕುಗ್ಗುತ್ತದೆ, ಇನ್ನೊಂದು ಕುಗ್ಗುವುದಿಲ್ಲ. ಗಿರಾಕಿ ಮೊದಲ ಸಲ ಒಗೆದಾಗಲೇ ಮೇಲ್ಮೈ ಉಬ್ಬುತಗ್ಗಾಗುತ್ತದೆ.

16 ಇಂಚಿನ ಕುಷನ್ ಕವರ್

ಮೊದಲ ಋತುವಿಗೆ ಇದೊಂದೇ ಸಾಕು. ಯಾಕೆಂದರೆ ಸಾಲು ಸಾಲಿಗೆ ಅರ್ಧ ಇಂಚಿನಂತೆ 17 ಇಂಚಿನ ಚೌಕಕ್ಕೆ 34 ಸಾಲು, ಒಟ್ಟು 578 ಇಂಚು, ಅಂದರೆ ಸುಮಾರು 48 ಅಡಿ ಹೊಲಿಗೆ. ಪಳಗಿದ ಕೈ ಗಂಟೆಗೆ 12 ಅಡಿ ಹೊಲಿಯುತ್ತದೆ ಎಂದಿಟ್ಟುಕೊಂಡರೆ 4 ಗಂಟೆ. ಅದೇ 60×90 ಇಂಚಿನ ಹಾಸಿಗೆಯ ಕೌದಿಗೆ 120 ಸಾಲು, 900 ಅಡಿ, 75 ಗಂಟೆ. ಗಂಟೆಗೆ 90 ರೂಪಾಯಿಯಂತೆ ಕೂಲಿಯೇ 6,750. ಹೊಸಬರು ಊರಿನ ನೆನಪಿನಿಂದ ದೊಡ್ಡ ಕೌದಿಯಿಂದಲೇ ಶುರುಮಾಡುತ್ತಾರೆ, ಮೂರು ಮಾರಿದ ಮೇಲೆ ಕೈಯಿಂದ ಹಣ ಹೋದದ್ದು ಗೊತ್ತಾಗುತ್ತದೆ. ದೊಡ್ಡದನ್ನು ಮುಂಗಡ ಕೊಟ್ಟವರಿಗೆ ಮಾತ್ರ ಮಾಡಿ.

ತೊಳೆದ ಬಟ್ಟೆಯಲ್ಲಿ ಮೇಲ್ಪದರ, ಎರಡು ಒಳಪದರ, ತೆಳ್ಳನೆ ಅಸ್ತರ, ನಾಲ್ಕನ್ನೂ 18 ಇಂಚಿನ ಚೌಕವಾಗಿ ಕತ್ತರಿಸಿ. ಕೈಹೊಲಿಗೆ ಬಟ್ಟೆಯನ್ನು ಎಳೆದುಕೊಂಡು ಅರ್ಧದಿಂದ ಮುಕ್ಕಾಲು ಇಂಚು ಕಿರಿದಾಗಿಸುತ್ತದೆ. ಹೊಲಿದ ಮೇಲೆ 17 ಇಂಚಿಗೆ ಸವರಿ, ನಾಲ್ಕೂ ಕಡೆ ಅರ್ಧ ಇಂಚು ಒಳಹೊಲಿಗೆಗೆ ಹೋದರೆ 16 ಉಳಿಯುತ್ತದೆ. ಮೊದಲೇ 17ಕ್ಕೆ ಕತ್ತರಿಸಿದವರ ಕವರ್ 15 ಚಿಲ್ಲರೆ ಇಂಚಿಗೆ ಇಳಿದು, ದಿಂಬು ಹಿಡಿಯದೆ ವಾಪಸ್ ಬರುತ್ತದೆ.

ಮೇಲ್ಪದರಕ್ಕೆ ತುಂಡು ಜೋಡಿಸುವಾಗ ಎಲ್ಲ ತುಂಡುಗಳ ನೇಯ್ಗೆ ಒಂದೇ ದಿಕ್ಕಿಗೆ ಇರಲಿ. ಓರೆಯಾಗಿ ಕತ್ತರಿಸಿದ ತುಂಡು ಹಿಗ್ಗಿ ಅಲೆ ಏಳುತ್ತದೆ. ನಾಲ್ಕು ಪದರಗಳನ್ನು ಹಾಸಿ, ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರುತ್ತಾ, ನಾಲ್ಕು ಬೆರಳಿನ ಅಂತರದಲ್ಲಿ ಕಚ್ಚಾ ಹೊಲಿಗೆ ಹಾಕಿ. ಊರಿನಲ್ಲಿ ಅಂಚಿನಿಂದ ಸುತ್ತುತ್ತಾ ಒಳಗೆ ಬರುವುದು ರೂಢಿ. ದೊಡ್ಡ ಕೌದಿಯಲ್ಲಿ ಅದು ಚೆಂದ, ಸಣ್ಣ ಚೌಕದಲ್ಲಿ ಸಡಿಲ ಬಟ್ಟೆಯೆಲ್ಲ ನಡುವಿಗೆ ಬಂದು ಗುಡ್ಡೆಯಾಗುತ್ತದೆ. ಕಚ್ಚಾ ಹೊಲಿಗೆ ಹಾಕದೆ ಸುತ್ತಿದರಂತೂ ಖಂಡಿತ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ಹೆಂಗಸರು ಕೌದಿಯ ಮೂಲೆಗಳಿಗೆ ಮಡಿಸಿದ ತ್ರಿಕೋನದ 'ಫುಲಾ' ಇಡುತ್ತಾರೆ. ಅವರ ಕೆಲಸವನ್ನು ನಕಲು ಮಾಡಿ ನಿಮ್ಮದೆಂದು ಮಾರಬೇಡಿ. ಬೇಕಿದ್ದರೆ ಅವರಿಂದಲೇ ಹೊಲಿಸಿ, ಅವರ ಹೆಸರು ಹಾಕಿ.

ದಾರ ದಪ್ಪ ಹತ್ತಿಯದು. ಎರಡು ಮೊಳಕ್ಕಿಂತ ಉದ್ದ ಪೋಣಿಸಬೇಡಿ, ಉದ್ದ ದಾರ ಸಿಕ್ಕಾಗಿ ನೂಲೆದ್ದು ಸವೆಯುತ್ತದೆ. ಜೇನುಮೇಣದ ಮೇಲೆ ಒಮ್ಮೆ ಎಳೆದುಕೊಂಡರೆ ನಾಲ್ಕು ಪದರ ಸಲೀಸಾಗಿ ದಾಟುತ್ತದೆ. ಹೊಲಿಗೆ ಕಾಲು ಇಂಚು, ನಡುವಿನ ಅಂತರವೂ ಕಾಲು ಇಂಚು. ಬಲ್ಲವರು ಸೂಜಿಯ ಮೇಲೆ ನಾಲ್ಕೈದು ಹೊಲಿಗೆ ಒಟ್ಟಿಗೆ ಏರಿಸಿ, ಎಡ ಹೆಬ್ಬೆರಳಿನಿಂದ ಬಟ್ಟೆಯನ್ನು ಹಿಂದಕ್ಕೆ ತೀಡಿ ದಾರ ಎಳೆಯುತ್ತಾರೆ. ಆ ತೀಡುವಿಕೆಯಲ್ಲೇ ಸುಕ್ಕು ಬಿಡುವುದು. ಗಂಟು ಮೇಲ್ಪದರಕ್ಕೂ ಒಳಪದರಕ್ಕೂ ನಡುವೆ ಅಡಗಬೇಕು: ಸೂಜಿಯನ್ನು ಒಂದಿಂಚು ಆಚೆಯಿಂದ ತೂರಿಸಿ, ಗಂಟು ಪಟ್ಟೆಂದು ಬಟ್ಟೆಯೊಳಗೆ ಹೋಗುವಷ್ಟು ಜಗ್ಗಿ. ಮೇಲೆ ಉಳಿದ ಗಂಟು ಸೋಫಾದ ಮೇಲೆ ಉಜ್ಜಿ ಸವೆಯುತ್ತದೆ, ಸಾಲು ಬಿಚ್ಚುತ್ತದೆ.

ಹಿಂಬದಿ ಬಟ್ಟೆಗೆ ಜಿಪ್ಪನ್ನು ಕೆಳ ಅಂಚಿನಿಂದ ಎರಡು ಇಂಚು ಮೇಲೆ, 14 ಇಂಚು ಉದ್ದದ್ದು ಹಾಕಿ. ಒಳಂಚುಗಳ ಎಳೆ ಬಿಚ್ಚದಂತೆ ಓವರ್‌ಲಾಕ್ ಕಡ್ಡಾಯ. ಪಕ್ಕದ ಓವರ್‌ಲಾಕ್ ಅಂಗಡಿಯಲ್ಲಿ ಒಟ್ಟಿಗೆ ಇಪ್ಪತ್ತು ಕೊಟ್ಟರೆ ಸಾಕು, ಯಂತ್ರ ಕೊಳ್ಳಬೇಕಿಲ್ಲ. ಒಳದಿಂಬು 18 ಇಂಚಿನದು ಇರಬೇಕು. 16ಕ್ಕೆ 16ರದೇ ಹಾಕಿದರೆ ಮೂಲೆಗಳು ಜೋತುಬಿದ್ದು ಕಳಪೆಯಾಗಿ ಕಾಣುತ್ತದೆ.

ಸಿದ್ಧವಾದ ಪ್ರತಿ ಹತ್ತರಲ್ಲಿ ಒಂದನ್ನು ಮೂರು ಸಲ ಒಗೆದು ನೋಡಿ. ಗಿರಾಕಿಗಿಂತ ಮೊದಲು ತಪ್ಪು ನಿಮ್ಮ ಕಣ್ಣಿಗೆ ಬೀಳಲಿ.

ಬೆಲೆ

ಗಡಿಯಾರ ಇಟ್ಟುಕೊಂಡು ಹತ್ತು ಕವರ್ ಹೊಲಿಸಿ, ಸರಾಸರಿ ತೆಗೆಯಿರಿ. ಕೆಳಗಿನದು ಲೆಕ್ಕದ ಮಾದರಿ, ಅಂಕಿಗಳನ್ನು ನಿಮ್ಮ ಕೊಳ್ಳುವಿಕೆಗೆ ತಕ್ಕಂತೆ ಬದಲಿಸಿಕೊಳ್ಳಿ.

ಬಟ್ಟೆ, ಅಸ್ತರ, ಜಿಪ್, ದಾರ, ಓವರ್‌ಲಾಕ್, ಇಸ್ತ್ರಿ: 230 ರೂ.
ಕೂಲಿ, 5.5 ಗಂಟೆ (ಹೊಲಿಗೆ 4, ಜೋಡಣೆ ಮತ್ತು ಮುಗಿತಾಯ 1.5), ಗಂಟೆಗೆ 90 ರೂ.ನಂತೆ: 495 ರೂ.
ಲೇಬಲ್, ಪ್ಯಾಕಿಂಗ್: 40 ರೂ.
ಹಾಳಾದದ್ದು, ವಿದ್ಯುತ್, ಓಡಾಟ: 80 ರೂ.
ಒಟ್ಟು: 845 ರೂ.

ಮಾರುವ ಬೆಲೆ ಇದರ ಎರಡರಷ್ಟು, 1,690. ಎರಡರಷ್ಟು ಎಂದರೆ ದುರಾಸೆ ಎನಿಸಬಹುದು. ಆದರೆ ಅಂಗಡಿಯವರು ನೂರಕ್ಕೆ 40 ಪಾಲು ಇಟ್ಟುಕೊಂಡರೆ ನಿಮಗೆ ಬರುವುದು 1,014, ಉಳಿಯುವುದು 169 ರೂಪಾಯಿ ಮಾತ್ರ. ನೇರವಾಗಿ ಮಾರಿದಾಗ ಕೊರಿಯರ್ 80, ಪಾವತಿ ಶುಲ್ಕ 34 ಕಳೆದು 731 ಉಳಿಯುತ್ತದೆ.

ಈಗ ತಿಂಗಳ ಲೆಕ್ಕ. ಒಬ್ಬರೇ ಕೂತು ತಿಂಗಳಿಗೆ 150 ಗಂಟೆ ಹೊಲಿದರೆ 27 ಕವರ್. ಎಲ್ಲವನ್ನೂ ನೇರವಾಗಿ ಮಾರಿದರೂ ಕೂಲಿ, ಲಾಭ ಸೇರಿ 33,102 ರೂಪಾಯಿ. ಮಾರಾಟ, ಫೋಟೋ, ಪ್ಯಾಕಿಂಗಿನ ಗಂಟೆಗಳು ಇದರಲ್ಲಿ ಇಲ್ಲವೇ ಇಲ್ಲ. ತಿಂಗಳಿಗೆ 60,000 ಬೇಕು, ಅರ್ಧ ಅಂಗಡಿಗೆ ಅರ್ಧ ನೇರವಾಗಿ ಎಂದರೆ ಒಂದಕ್ಕೆ ಸರಾಸರಿ 450 ಉಳಿದು, 133ಕ್ಕೂ ಹೆಚ್ಚು ಕವರ್ ಮಾರಬೇಕು. ಅದಕ್ಕೆ 730 ಗಂಟೆಗೂ ಮೀರಿದ ಕೆಲಸ, ಅಂದರೆ ತಿಂಗಳಿಗೆ 150 ಗಂಟೆ ಹೊಲಿಯುವ ಐದು ಮಂದಿ. ನೀವು ಹೊಲಿಯುವವರಾಗಿ ಉಳಿಯುತ್ತೀರೋ, ಐದು ಜನರಿಗೆ ಕೆಲಸ ಕೊಟ್ಟು ಮಾರುವವರಾಗುತ್ತೀರೋ ಎಂದು ಈ ಹಂತದಲ್ಲೇ ತೀರ್ಮಾನಿಸಿ. ಎರಡೂ ಒಳ್ಳೆಯ ದಾರಿಗಳೇ, ಮನೆಖರ್ಚು ಮಾತ್ರ ಬೇರೆ ಬೇರೆ ಇರಬೇಕು.

ಹೊಲಿಯುವವರೊಂದಿಗೆ

ತುಂಡಿಗೆ ಇಷ್ಟು ಎಂದು ಕೂಲಿ ಗೊತ್ತುಮಾಡುವಾಗ ಅದು ಗಂಟೆಯ ಲೆಕ್ಕದಿಂದ ಹುಟ್ಟಿರಲಿ, ಮಹಾರಾಷ್ಟ್ರದ ಕನಿಷ್ಠ ವೇತನದ ದರಕ್ಕೆ ಹೋಲಿಸಿ ನೋಡಿ. ಪಾವತಿ ಪ್ರತಿ ಶನಿವಾರ, ತುಂಡು ಎಣಿಸಿದ ಕೂಡಲೇ. ಮಾರಾಟವಾದ ಮೇಲೆ ಕೊಡುತ್ತೇನೆ ಎನ್ನುವುದು ಅನ್ಯಾಯ. ಮಾರಾಟದ ಅಪಾಯ ನಿಮ್ಮದು, ಅವರದಲ್ಲ. ಬಟ್ಟೆ, ದಾರ, ಸೂಜಿ ನೀವೇ ಅಳೆದು ಕಿಟ್ ಮಾಡಿ ಕೊಡಿ. ಜೊತೆಗೆ ಒಂದು ಮಾದರಿ ತುಂಡು, ಮತ್ತು ಅರ್ಧ ಇಂಚಿನ ಗುರುತಿರುವ ರಟ್ಟಿನ ಪಟ್ಟಿ. 'ಯಕ್ಕಾ, ಸಾಲು ನೆಟ್ಟಗಿರ್ಲಿ' ಎಂದು ಬಾಯಲ್ಲಿ ಹೇಳಿದ್ದಕ್ಕಿಂತ ರಟ್ಟಿನ ಪಟ್ಟಿ ಹೆಚ್ಚು ಕೆಲಸ ಮಾಡುತ್ತದೆ. ಹಾಗೆಂದು ಬಣ್ಣದ ಜೋಡಣೆಯಲ್ಲಿ ಅವರ ಮಾತು ಕೇಳಿ, ಆ ಕಣ್ಣು ಅವರದು.

ಬಿತ್ತನೆ, ಸುಗ್ಗಿ, ಊರ ಜಾತ್ರೆಗೆ ಅವರು ಹೋಗುತ್ತಾರೆ. ದೀಪಾವಳಿಗೆ ಹದಿನೈದು ದಿನ ಇರುವಾಗ ಯಾರೂ ಸಿಗುವುದಿಲ್ಲ ಎಂದೇ ಯೋಜನೆ ಹಾಕಿ.

ಕಾಗದ ಪತ್ರ

ಮೊದಲು ಏಕಮಾಲೀಕತ್ವ ಸಾಕು, ಕಂಪನಿ ನೋಂದಣಿ ಬೇಡ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಯನ್ನು ಸರ್ಕಾರದ ತಾಣದಲ್ಲಿ ಆಧಾರ್ ಮತ್ತು ಪ್ಯಾನ್‌ನಿಂದ ನೀವೇ ಮಾಡಬಹುದು, ಅದು ಉಚಿತ. ಅದೇ ರೀತಿ ಕಾಣುವ, ಶುಲ್ಕ ಕೇಳುವ ಖಾಸಗಿ ತಾಣಗಳಿವೆ, ಹುಷಾರು. ವ್ಯಾಪಾರಿ ಎಂದಲ್ಲದೆ ತಯಾರಕರು ಎಂದು ನೋಂದಾಯಿಸಿ, ಏಕೆಂದರೆ ಸಣ್ಣ ಉದ್ದಿಮೆಗಳ 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ 45 ದಿನದೊಳಗೆ ಹಣ ಪಡೆಯುವ ಹಕ್ಕು ವ್ಯಾಪಾರಿಗಳಿಗಿಲ್ಲ. ತಡಮಾಡಿದ ಗಿರಾಕಿ ಕಂಪನಿ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ ಕೊಡಬೇಕಾಗುತ್ತದೆ. ಉಡುಗೊರೆ ಆರ್ಡರ್‌ಗಳಲ್ಲಿ ಇದು ನಿಮ್ಮ ಕೈಯಲ್ಲಿರುವ ಗಟ್ಟಿ ಅಸ್ತ್ರ. ಇನ್‌ವಾಯ್ಸ್ ಮೇಲೆ ಉದ್ಯಮ್ ಸಂಖ್ಯೆ ಅಚ್ಚಾಗಿರಲಿ.

ಇಲ್ಲಿಯವರು ಗುಮಾಸ್ತಾ ಎನ್ನುವ ಶಾಪ್ ಆಕ್ಟ್ (ಅಂಗಡಿ-ಸಂಸ್ಥೆಗಳ ಕಾಯ್ದೆ) ನೋಂದಣಿಗೆ, 20ಕ್ಕಿಂತ ಕಡಿಮೆ ಕೆಲಸಗಾರರಿದ್ದರೆ ಆನ್‌ಲೈನ್ ತಿಳಿವಳಿಕೆ ಕೊಟ್ಟರೆ ಮುಗಿಯಿತು. ಆ ರಸೀದಿ ಮತ್ತು ಉದ್ಯಮ್ ಪತ್ರದಿಂದ ಚಾಲ್ತಿ ಖಾತೆ ತೆರೆಯಬಹುದು. ಸ್ವಂತ ಉದ್ಯಮಿಗಳು ಕಟ್ಟುವ ವೃತ್ತಿ ತೆರಿಗೆ (ಪಿಟಿಇಸಿ) ವರ್ಷಕ್ಕೆ 2,500 ರೂಪಾಯಿ.

ಜಿಎಸ್‌ಟಿ ವಿಷಯದಲ್ಲಿ ನಿಧಾನ ಒಳ್ಳೆಯದು. ಮಹಾರಾಷ್ಟ್ರದೊಳಗೆ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷದವರೆಗೆ ನೋಂದಣಿ ಬೇಡ. ಅಮೆಜಾನ್‌ನಂಥ ತಾಣದ ಮೂಲಕ ರಾಜ್ಯದೊಳಗೆ ಮಾರಲು 2023ರ ಅಕ್ಟೋಬರ್ 1ರಿಂದ ಬರೀ ಎನ್‌ರೋಲ್‌ಮೆಂಟ್ ಸಾಕು. ಆದರೆ ಆ ತಾಣದಿಂದ ಬೆಂಗಳೂರಿಗೆ ಒಂದು ಕವರ್ ಹೋದರೂ ನೋಂದಣಿ ಬೇಕು. ಸರ್ಕಾರದ ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳನ್ನು ನೇರವಾಗಿ ಹೊರರಾಜ್ಯಕ್ಕೆ ಮಾರಲು 20 ಲಕ್ಷದವರೆಗೆ ವಿನಾಯಿತಿ ಇದೆ, ಆದರೆ ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ಪತ್ರ) ಬೇಕಾಗುತ್ತದೆ. ನಿಮ್ಮ ವಸ್ತು ಆ ಪಟ್ಟಿಯಲ್ಲಿದೆಯೇ ಎಂದು ಸಿಎ ಬಳಿ ನೋಡಿಸಿ. ನಮ್ಮ ಸಲಹೆ: ಮೊದಲ ಋತು ಪುಣೆ, ಮುಂಬೈಯಲ್ಲೇ ಮಾರಿ, ನೋಂದಣಿ ಆಮೇಲೆ. ನೋಂದಾಯಿಸಿದ ಮೇಲೆ ಬೆಲೆಯ ಗೆರೆ ನೆನಪಿಡಿ: 2025ರ ಸೆಪ್ಟೆಂಬರ್ 22ರಿಂದ ಇಂಥ ಬಟ್ಟೆ ಸಾಮಾನು, ಹತ್ತಿ ಕೌದಿ ತುಂಡಿಗೆ 2,500 ರೂಪಾಯಿವರೆಗೆ ನೂರಕ್ಕೆ 5 ಪಾಲು ತೆರಿಗೆ, ಅದಕ್ಕೆ ಮೇಲಾದರೆ 18. ಅಂದರೆ 2,500ಕ್ಕೆ ಗಿರಾಕಿ ಕೊಡುವುದು 2,625, 2,600ಕ್ಕೆ 3,068. ಈ ನಡುವಿನ ಬೆಲೆಗೆ ಏನನ್ನೂ ಇಡಬೇಡಿ.

ಪ್ಯಾಕೆಟ್ ಮೇಲೆ ತಯಾರಕರ ಹೆಸರು, ವಿಳಾಸ, ಎಂಆರ್‌ಪಿ, ಸಂಖ್ಯೆ, ಅಳತೆ, ತಯಾರಾದ ತಿಂಗಳು-ವರ್ಷ, ದೂರಿಗೆ ಫೋನ್ ಇರಬೇಕು. ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ವ್ಯಕ್ತಿಗಳಿಗೆ ಒಂದು ವರ್ಗಕ್ಕೆ 4,500 ರೂಪಾಯಿ. ಕುಷನ್ ಕವರ್, ಹಾಸಿಗೆಯ ಹೊದಿಕೆ 24ನೇ ವರ್ಗಕ್ಕೆ ಬರುತ್ತವೆ. ಕೇಂದ್ರ ಕರಕುಶಲ ಆಯುಕ್ತರ ಕಚೇರಿ ಕುಶಲಕರ್ಮಿಗಳಿಗೆ ಕೊಡುವ ಪೆಹಚಾನ್ ಗುರುತಿನ ಕಾರ್ಡನ್ನು ಹೊಲಿಯುವ ಹೆಂಗಸರಿಗೆ ಮಾಡಿಸಿಕೊಡಿ. ಅದು ಅವರಿಗೇ ಸೇರಬೇಕಾದದ್ದು.

ಮಾರಾಟ

ಮೇಳದಿಂದ ಶುರುಮಾಡಿ. ಬಟ್ಟೆಯನ್ನು ಮುಟ್ಟದೆ ಯಾರೂ 1,690 ಕೊಡುವುದಿಲ್ಲ. ಪುಣೆಯಲ್ಲಿ ಡಿಸೆಂಬರಿನ ಭೀಮಥಡಿ ಜಾತ್ರೆ, ಮುಂಬೈಯಲ್ಲಿ 1999ರಿಂದ ನಡೆಯುತ್ತಿರುವ ಕಾಲಾ ಘೋಡಾ ಉತ್ಸವ, ಗೋವಾದಲ್ಲಿ ಋತುವಿನ ಅಂಜುನಾ ಬುಧವಾರದ ಸಂತೆ, ಇವುಗಳ ಗಿರಾಕಿ ಬೇರೆ ಬೇರೆ. ದೊಡ್ಡ ಮೇಳಗಳಿಗೆ ತಿಂಗಳುಗಟ್ಟಲೆ ಮುಂಚೆ ಅರ್ಜಿ ಹಾಕಬೇಕು. ಮೊದಲ ಸಲ ಅದನ್ನು ಬಿಟ್ಟು, ಕನ್ನಡ ಸಂಘದ ಅಥವಾ ಹೌಸಿಂಗ್ ಸೊಸೈಟಿಯ ದಸರಾ ಪ್ರದರ್ಶನದಲ್ಲಿ ಒಂದು ಮೇಜು ಹಾಕಿ ಕೈ ಪಳಗಿಸಿಕೊಳ್ಳಿ. ನಿರೀಕ್ಷಿತ ಮಾರಾಟ ಬಾಡಿಗೆಯ ಐದುಪಟ್ಟು ಇಲ್ಲದಿದ್ದರೆ ಆ ಮೇಳ ಬೇಡ.

ಸ್ಟಾಲಿನಲ್ಲಿ ಒಂದು ಕವರಿನ ಮೂಲೆಯನ್ನು ಕತ್ತರಿಸಿ, ನಾಲ್ಕೂ ಪದರ ಕಾಣುವಂತೆ ತೆರೆದಿಡಿ. ಯಂತ್ರದ ಹೊಲಿಗೆಗೂ ಕೈಯದಕ್ಕೂ ಇರುವ ವ್ಯತ್ಯಾಸ ಅದನ್ನು ಬೆರಳಲ್ಲಿ ಹಿಡಿದ ತಕ್ಷಣ ಗಿರಾಕಿಗೆ ತಿಳಿಯುತ್ತದೆ. ಬಿಳಿ ಟ್ಯೂಬ್ ಬೆಳಕಿನಲ್ಲಿ ಇಳಕಲ್ ಕೆಂಪು ಸತ್ತಂತೆ ಕಾಣುತ್ತದೆ, ಹಳದಿ ಬಲ್ಬು ಒಯ್ಯಿರಿ. ಯುಪಿಐ ಕ್ಯೂಆರ್ ಎರಡು ಪ್ರತಿ, ಬಿಲ್ ಪುಸ್ತಕ, ಚಿಲ್ಲರೆ, ಪವರ್ ಬ್ಯಾಂಕ್ ಬೇಕು. ಯಾವ ಬಣ್ಣ ಎಷ್ಟು ಜನ ಎತ್ತಿಕೊಂಡು ಕೆಳಗಿಟ್ಟರು ಎಂದೂ ಬರೆದುಕೊಳ್ಳಿ, ಬೆಲೆ ತಪ್ಪೋ ಬಣ್ಣ ತಪ್ಪೋ ಎಂದು ಅದರಿಂದ ತಿಳಿಯುತ್ತದೆ.

ಆನ್‌ಲೈನ್ ಫೋಟೋಗೆ ಉತ್ತರದ ಕಿಟಕಿ, ಬೆಳಗಿನ ಹತ್ತು ಗಂಟೆ, ಎದುರಿಗೊಂದು ಬಿಳಿ ಥರ್ಮೋಕೋಲ್ ಹಲಗೆ ಸಾಕು. ಹಿಂಬದಿಯ ಫೋಟೋ ತಪ್ಪದೆ ಹಾಕಿ, ಕೈಕೆಲಸ ಬಲ್ಲವರು ಮೊದಲು ನೋಡುವುದೇ ಅದನ್ನು. ಒಳದಿಂಬನ್ನು ಕೊರಿಯರ್ ಮಾಡಬೇಡಿ. ಉದ್ದ, ಅಗಲ, ಎತ್ತರ ಸೆಂ.ಮೀ.ನಲ್ಲಿ ಗುಣಿಸಿ 5,000ದಿಂದ ಭಾಗಿಸಿದ ತೂಕಕ್ಕೆ ದರ ಹಾಕುವುದರಿಂದ, 45×45×15ರ ದಿಂಬಿನ ಪೆಟ್ಟಿಗೆಗೆ 6 ಕಿಲೋ ದರ ಬೀಳುತ್ತದೆ. ಕವರ್ ಮಾತ್ರವಾದರೆ ಅರ್ಧ ಕಿಲೋದೊಳಗೆ ಮುಗಿಯುತ್ತದೆ. ಮನೆ ಬಾಗಿಲಲ್ಲಿ ಹಣ ಕೊಡುವ ಪದ್ಧತಿ ಬೇಡ. ಗಿರಾಕಿ ನಿರಾಕರಿಸಿದರೆ ಎರಡೂ ಕಡೆಯ ಸಾಗಣೆ ನಿಮ್ಮ ತಲೆಗೆ.

ಕಂಪನಿಗಳ ಉಡುಗೊರೆ ಆರ್ಡರ್ ನಿಮ್ಮ ಹಳೆಯ ಸಂಪರ್ಕಗಳಿಂದ ಬರುವ ಸಾಧ್ಯತೆ ಹೆಚ್ಚು. ಪಿಒ (ಖರೀದಿ ಆದೇಶ), ವೆಂಡರ್ ನೋಂದಣಿ, ಅನುಮೋದನೆಯ ಸರಪಳಿ ನಿಮಗೆ ಮೊದಲೇ ಗೊತ್ತು. ಅರ್ಧ ಹಣ ಮುಂಗಡವಾಗಿ ಕೇಳಿ, ಬಣ್ಣದ ಮಾದರಿಗೆ ಲಿಖಿತ ಒಪ್ಪಿಗೆ ಪಡೆಯಿರಿ. 200 ಕವರ್ ಎಂದರೆ 1,100 ಗಂಟೆ ಎಂಬುದನ್ನು ಒಪ್ಪಿಕೊಳ್ಳುವ ಮೊದಲು ಕೈಬೆರಳಲ್ಲೇ ಎಣಿಸಿ. ಇಲ್ಲವಾದರೆ 50ಕ್ಕೆ ಒಪ್ಪಿಕೊಳ್ಳಿ.

ಮೊದಲ ವರ್ಷದ ಲೆಕ್ಕ

ಫೆಬ್ರವರಿ ಕೊನೆಗೆ ಸರಕು ಎಣಿಸಿ. ಉಳಿದ ಪ್ರತಿ ತುಂಡಿನ ಮೇಲೆ ತಯಾರಾದ ತಿಂಗಳು ಬರೆದಿರುತ್ತದಲ್ಲ, ಆರು ತಿಂಗಳಿಗೂ ಹಳೆಯದನ್ನು ಬೇರೆ ಇಡಿ, ಆ ವಿನ್ಯಾಸ ಮತ್ತೆ ಹೊಲಿಸಬೇಡಿ. ಮಾರಿದ ಒಟ್ಟು ಹಣದಿಂದ ಬಟ್ಟೆ, ಕೂಲಿ, ಬಾಡಿಗೆ, ಸಾಗಣೆ ಕಳೆದು ಉಳಿದದ್ದನ್ನು ನೀವು ದುಡಿದ ಗಂಟೆಗಳಿಂದ ಭಾಗಿಸಿ. ಬಂದ ಅಂಕಿ ನೀವು ಹೊಲಿಯುವವರಿಗೆ ಕೊಟ್ಟ 90 ರೂಪಾಯಿಗಿಂತ ಕಡಿಮೆ ಇದ್ದರೆ ಬೆಲೆ, ವಸ್ತು, ಮಾರುವ ಜಾಗ ಈ ಮೂರರಲ್ಲಿ ಒಂದನ್ನು ಬದಲಿಸಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ತಪ್ಪಾಗಿತ್ತೆಂದು ತಿಳಿಯುವುದಿಲ್ಲ. ಕಂಪನಿಯ ರಿಲೀವಿಂಗ್ ಪತ್ರ, ಅನುಭವ ಪತ್ರ, ಫಾರ್ಮ್ 16 ಒಂದೇ ಕಡತದಲ್ಲಿ ಭದ್ರವಾಗಿರಲಿ. ಎರಡನೇ ವರ್ಷದ ಬಟ್ಟೆಯ ಪಟ್ಟಿ ಮಾರ್ಚ್‌ನಲ್ಲೇ ಸಿದ್ಧವಾಗಬೇಕು, ಏಪ್ರಿಲ್ ಬಿಸಿಲು ತೊಳೆಯುವುದಕ್ಕೆ ಬೇಕು.